ಮತಾಂತರಗೊಂಡವರು ಗುಲಾಮಗಿರಿಯನ್ನು ಪಾಪವೆಂದು ಕಂಡರೇ?

ಪ್ರಶ್ನೆ:
ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ನಾವಿಕನು 1748ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ, ಹಡಗು ಇನ್ನೇನು ಮುಳುಗಿತು ಎನ್ನುವಾಗ ದೇವರಿಗೆ ಮೊರೆಯಿಟ್ಟು ಬದುಕುಳಿದು ಕ್ರೈಸ್ತ ಭಕ್ತನಾಗಿ ಮತಾಂತರಗೊಂಡನೆಂದೂ, ಅಂದಿನಿಂದಲೇ ಗುಲಾಮರ ವ್ಯಾಪಾರವನ್ನು ತೊರೆದನೆಂದೂ ಕೇಳಿದ್ದೆ. ಆದರೆ ಆ ಘಟನೆಯ ನಂತರವೇ ಅವನು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾದನೆಂದು ಈಚೆಗೆ ಓದಿ ಕಳವಳವಾಯಿತು. ಮತಾಂತರವು ಈ ವಿಷಯದಲ್ಲಿ ಮನುಷ್ಯನ ನೈತಿಕ ದೃಷ್ಟಿಯನ್ನು ನಿಜಕ್ಕೂ ಬದಲಿಸುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ತಾವು ಓದಿದ್ದು ನಿಜ. ಭಾನುವಾರಗಳಂದು ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದ ನ್ಯೂಟನ್, 1752ರಲ್ಲಿ ಗುಲಾಮರು ದಂಗೆಯೇಳಲು ಸಂಚು ಹೂಡಿದ್ದಾರೆಂಬ ಸುಳಿವು ಸಿಕ್ಕಾಗ, ಬಾಯಿಬಿಡಿಸುವ ಸಲುವಾಗಿ ಹುಡುಗರ ಹೆಬ್ಬೆರಳುಗಳನ್ನು ತಿರುಪಿನ ಉಪಕರಣಕ್ಕೆ ಸಿಕ್ಕಿಸಿದ್ದನ್ನು ತನ್ನ ದಿನಚರಿಯಲ್ಲಿ ತಾನೇ ಬರೆದಿಟ್ಟಿದ್ದಾನೆ. 1754ರಲ್ಲಿ ಅವನು ಸಮುದ್ರಯಾನವನ್ನು ಬಿಟ್ಟದ್ದು ಅನಾರೋಗ್ಯದಿಂದಲೇ ಹೊರತು ಪಶ್ಚಾತ್ತಾಪದಿಂದಲ್ಲ. ಬೈಗುಳ, ಕುಡಿತ, ದೇವನಿಂದೆ ಪಾಪವೆಂದು ಅವನಿಗೆ ಬೇಗನೆ ತಿಳಿಯಿತು, ಏಕೆಂದರೆ ಸುತ್ತಲಿನ ಭಕ್ತರೆಲ್ಲರೂ ಅವನ್ನು ಪಾಪವೆನ್ನುತ್ತಿದ್ದರು. ಗುಲಾಮರ ವ್ಯಾಪಾರವಾದರೋ ಆ ಸಮಾಜದಲ್ಲಿ ಗೌರವದ ಕಸುಬಾಗಿತ್ತು. 1764ರಲ್ಲಿ ಪಾದ್ರಿಯಾಗಿ, 1788ರಲ್ಲಿ ಆ ವ್ಯಾಪಾರದ ಕ್ರೌರ್ಯವನ್ನು ಬಯಲಿಗೆಳೆಯುವ ಪುಸ್ತಿಕೆಯನ್ನು ಅವನು ಪ್ರಕಟಿಸುವ ಹೊತ್ತಿಗೆ, ಬಿರುಗಾಳಿಯ ರಾತ್ರಿ ಕಳೆದು 40 ವರ್ಷಗಳಾಗಿದ್ದವು.

ಉತ್ತರ 2:
ತಡವಾಗಿಯಾದರೂ ಕಣ್ಣು ತೆರೆಯುತ್ತದೆ ಎಂದು ನಂಬುವುದಕ್ಕೂ ಆಗದು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಾಸ್, 1832ರಲ್ಲಿ ತನ್ನ ಒಡೆಯ ಥಾಮಸ್ ಆಲ್ಡ್ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಪ್ರಾರ್ಥನಾ ಶಿಬಿರದಲ್ಲಿ ಭಕ್ತನಾದಾಗ, ಇನ್ನು ಅವನು ತನ್ನ ಗುಲಾಮರನ್ನು ಬಿಡುಗಡೆ ಮಾಡಿಯಾನು, ಇಲ್ಲವೇ ಕನಿಷ್ಠ ಮೃದುವಾದಾನು ಎಂದು ಆಸೆಪಟ್ಟಿದ್ದ. ಆದದ್ದು ಅದಕ್ಕೆ ತೀರಾ ವಿರುದ್ಧ. ಆಲ್ಡ್ ಅಂಗವಿಕಲ ಯುವತಿಯೊಬ್ಬಳನ್ನು ಕಟ್ಟಿಹಾಕಿ ರಕ್ತ ಸುರಿಯುವಂತೆ ಬಾರುಕೋಲಿನಿಂದ ಹೊಡೆಯುತ್ತ, ಒಡೆಯನ ಇಚ್ಛೆಯನ್ನು ಅರಿತೂ ನಡೆಸದವನಿಗೆ ಬಹಳ ಪೆಟ್ಟುಗಳು ಬೀಳುವವೆಂಬ ಬೈಬಲ್ ವಚನವನ್ನು ಹೇಳುತ್ತಿದ್ದನೆಂದು ಡಗ್ಲಾಸ್ ದಾಖಲಿಸಿದ್ದಾನೆ. ಮೊದಲು ಕ್ರೌರ್ಯಕ್ಕೆ ಅವನದೇ ಸ್ವಭಾವವಷ್ಟೇ ಆಸರೆಯಾಗಿತ್ತು. ಆಮೇಲೆ ಧರ್ಮದ ಬೆಂಬಲವೂ ದೊರೆಯಿತು.

ಉತ್ತರ 3:
ಕ್ವೇಕರ್ ಎಂಬ ಕ್ರೈಸ್ತ ಪಂಥದ ಉದಾಹರಣೆಯನ್ನು ಬಿಟ್ಟರೆ ಚರ್ಚೆ ಒಮ್ಮುಖವಾದೀತು. ಅವರಲ್ಲೂ ಗುಲಾಮರ ಒಡೆಯರಿದ್ದರು. 1688ರಲ್ಲಿ ಅಮೆರಿಕದ ಜರ್ಮನ್‌ಟೌನ್‌ನ ಕೆಲವರು ಬರೆದ ಪ್ರತಿಭಟನೆಯ ಪತ್ರವನ್ನು ಹಿರಿಯರ ಸಭೆಗಳು ಬದಿಗಿಟ್ಟವು. ಆ ಪಂಥದ ಬೋಧಕ ಜಾನ್ ವೂಲ್ಮನ್ ತಾನು ತಂಗಿದ ಮನೆಗಳಲ್ಲಿ ಗುಲಾಮರಿಂದ ಪಡೆದ ಸೇವೆಗೆ ಹಣ ಕೊಡುತ್ತ, ಒಡೆಯರ ಜೊತೆ ತಾಳ್ಮೆಯಿಂದ ಮಾತನಾಡುತ್ತ ವರ್ಷಗಟ್ಟಲೆ ತಿರುಗಿದ. ಕೊನೆಗೆ 1776ರಲ್ಲಿ ಫಿಲಡೆಲ್ಫಿಯಾದ ಕ್ವೇಕರರ ವಾರ್ಷಿಕ ಸಭೆಯು ಗುಲಾಮರನ್ನು ಇಟ್ಟುಕೊಳ್ಳುವುದನ್ನೇ ತನ್ನ ಸದಸ್ಯರಿಗೆ ನಿಷೇಧಿಸಿತು. ನನ್ನ ಅಭಿಪ್ರಾಯದಲ್ಲಿ, ಮತಾಂತರಗೊಂಡವನು ಯಾವ ಸಮುದಾಯವನ್ನು ಸೇರಿದ, ಆ ಸಮುದಾಯ ಅವನಿಂದ ಏನನ್ನು ತ್ಯಜಿಸುವಂತೆ ಕೇಳಿತು ಎಂಬುದೇ ನಿರ್ಣಾಯಕ.

ಉತ್ತರ 4:
ಇಲ್ಲಿಯವರೆಗೆ ಒಡೆಯರ ಮನಸ್ಸನ್ನೇ ಪರೀಕ್ಷಿಸಿದ್ದೇವೆ; ಮತಾಂತರಗೊಂಡ ಗುಲಾಮರ ಮಾತನ್ನೂ ಕೇಳಬೇಕಲ್ಲವೇ? 1759ರಲ್ಲಿ ಲಂಡನ್ನಿನಲ್ಲಿ ದೀಕ್ಷಾಸ್ನಾನ ಪಡೆದಿದ್ದ ಒಲೌದಾ ಈಕ್ವಿಯಾನೊ ಎಂಬ ಗುಲಾಮ, ಕೆಲವೇ ವರ್ಷಗಳಲ್ಲಿ ತನ್ನನ್ನು ಮತ್ತೆ ಮಾರಿದಾಗ, ತನಗೆ ದೀಕ್ಷೆಯಾಗಿದೆ, ಆದ್ದರಿಂದ ತನ್ನನ್ನು ಮಾರುವ ಹಕ್ಕು ಯಾರಿಗೂ ಇಲ್ಲವೆಂದು ಕೊಂಡ ಕಪ್ತಾನನ ಎದುರೇ ವಾದಿಸಿದ. ಅಮೆರಿಕದ ವರ್ಜೀನಿಯಾದ ಶಾಸನಸಭೆಯಂತೂ ದೀಕ್ಷೆಯಿಂದ ಗುಲಾಮನ ಸ್ಥಿತಿ ಬದಲಾಗದೆಂದು 1667ರಲ್ಲೇ ಕಾನೂನು ಮಾಡಿತ್ತು. ಈಕ್ವಿಯಾನೊನ ವಾದವನ್ನು ಆ ಕಪ್ತಾನನೂ ಒಪ್ಪಲಿಲ್ಲ. 1766ರಲ್ಲಿ ಈಕ್ವಿಯಾನೊ ತಾನೇ ಕೂಡಿಟ್ಟ ಹಣವನ್ನು ತೆತ್ತು ಸ್ವಾತಂತ್ರ್ಯವನ್ನು ಕೊಳ್ಳಬೇಕಾಯಿತು.