ಪಾಲು ದಾವಾ, ಮೀಡಿಯೇಶನ್: ಗುಂಪಿನಲ್ಲಿ ಶಿವಮೊಗ್ಗದ ವಕೀಲರಿಗೆ ಪ್ರಶ್ನೆಗಳು

ಸಾಗರದ ಜೂನಿಯರ್: ಸರ್, ಪಾಲು ದಾವಾ ಮೀಡಿಯೇಶನ್‌ಗೆ, ಅಂದರೆ ಮಧ್ಯಸ್ಥರ ಎದುರಿನ ರಾಜಿ ಮಾತುಕತೆಗೆ, ಹೋಗಿದೆ. ನನ್ನ ಕಕ್ಷಿದಾರರು ತಂಗಿ. ಅಡಿಕೆ ತೋಟ ಅಣ್ಣನ ಕೈಯಲ್ಲಿದೆ. ತೀರಿಹೋದ ದೊಡ್ಡಣ್ಣನ ಮಗಳಿಗೆ 12 ವರ್ಷ, ಅವಳೂ ಪಾರ್ಟಿ. ಎಲ್ಲರೂ ಒಪ್ಪುವ ಹಾಗಿದೆ. ನಾಳಿದ್ದು ಸಹಿ ಹಾಕಿಸಬಹುದಾ?

ವಕೀಲರು: ಬೇಡ. ಹುಡುಗಿ ಮೈನರ್. ತಾಯಿ ಸಹಿ ಹಾಕಿದ ಮಾತ್ರಕ್ಕೆ ಮುಗಿಯುವುದಿಲ್ಲ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 32ನೇ ಆದೇಶ, 7ನೇ ನಿಯಮ ತೆಗೆದು ಓದಿ. ಕೋರ್ಟಿನ ಅನುಮತಿ ದಾಖಲಾಗಬೇಕು. ರಾಜಿಯಿಂದ ಅವಳಿಗೆ ಒಳ್ಳೆಯದು ಅಂತ ಅವಳ ವಕೀಲರು ಪ್ರಮಾಣಪತ್ರ ಕೊಡಬೇಕು. ಇಲ್ಲದಿದ್ದರೆ ದೊಡ್ಡವಳಾದ ಮೇಲೆ ಅವಳು ರಾಜಿಯನ್ನೇ ರದ್ದು ಮಾಡಿಸಬಹುದು. ಅಷ್ಟೊತ್ತಿಗೆ ನಿಮ್ಮ ಕಕ್ಷಿದಾರರು ಆ ಜಾಗದಲ್ಲಿ ಮನೆ ಕಟ್ಟಿಕೊಂಡಿರುತ್ತಾರೆ.

ದಾವಾ ಷೆಡ್ಯೂಲಿನಲ್ಲಿ (ಆಸ್ತಿಗಳ ಪಟ್ಟಿಯಲ್ಲಿ) ಇಲ್ಲದ ಸೈಟನ್ನೇನಾದರೂ ರಾಜಿಗೆ ಸೇರಿಸಿದ್ದೀರಾ? ಹಾಗಿದ್ದರೆ ರಿಜಿಸ್ಟರ್ ಮಾಡಿಸಬೇಕು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಕ್ಕೆ ಒಡೆತನ ಬರೆಯಬೇಡಿ, ಅದು ಸರ್ಕಾರದ್ದು. ತೋಟಕ್ಕೆ ದಾರಿ, ನೀರು, ಈ ವರ್ಷದ ಫಸಲು ಯಾರಿಗೆ, ಎಲ್ಲ ಬರೆಯಿರಿ. ಬಿಟ್ಟರೆ ಮುಂದಿನ ದಾವಾ ಅದರ ಮೇಲೇ ಬರುತ್ತದೆ. ಅಣ್ಣ ದುಡ್ಡು ಕೊಡುವುದಾದರೆ ‘ಅಡಿಕೆ ಮಾರಿದ ಮೇಲೆ’ ಅಂತ ಬರೆಸಬೇಡಿ. ರೇಟು ಏರಲಿ ಅಂತ ಚೀಲ ಅಟ್ಟದಲ್ಲೇ ಕೂರುತ್ತದೆ! ತಾರೀಖು ಹಾಕಿ, ತಪ್ಪಿದರೆ ಬಡ್ಡಿ ಎಷ್ಟು ಅಂತಲೂ ಬರೆಯಿರಿ.

ಇನ್ನು, ಮೀಡಿಯೇಶನ್ ಒಳಗೆ ಮಾತಾಡುವುದು ನೀವೋ ನಿಮ್ಮ ಕಕ್ಷಿದಾರರೋ? ಅದು ಕ್ರಾಸ್ (ಪಾಟೀಸವಾಲು) ಮಾಡುವ ಜಾಗ ಅಲ್ಲ. ಅವರಿಗೆ ಬಾಯಿ ಬಿಡಲು ಬಿಡಿ. ಎಷ್ಟಕ್ಕೆ ಒಪ್ಪಬಹುದು, ಒಪ್ಪದಿದ್ದರೆ ಕೇಸು ಎಲ್ಲಿಯವರೆಗೆ ಎಳೆಯುತ್ತದೆ ಅಂತ ಮೊದಲೇ ಆಫೀಸಿನಲ್ಲಿ ಕೂತು ಮಾತಾಡಿ. ಅಣ್ಣನ ಎದುರು ಹೇಳಲಾಗದ್ದನ್ನು ಮೀಡಿಯೇಟರ್ ಹತ್ತಿರ ಬೇರೆಯಾಗಿ ಹೇಳಬಹುದು. ಇವರ ಒಪ್ಪಿಗೆ ಇಲ್ಲದೆ ಅದು ಆ ಕಡೆಗೆ ಹೋಗುವ ಹಾಗಿಲ್ಲ.

ಭದ್ರಾವತಿಯವರು: ಮೀಡಿಯೇಟರ್ ಫೀಸ್ ಎಷ್ಟು ಸರ್?

ವಕೀಲರು: ಕೋರ್ಟ್ ಕಳಿಸಿದ್ದಾದರೆ ನೀವು ಏನೂ ಕೊಡಬೇಕಿಲ್ಲ.

ಹೊಸನಗರದವರು: ಹೀಗೊಂದು ಫಾರ್ವರ್ಡ್ ಬಂದಿದೆ: ‘ಮೀಡಿಯೇಶನ್ ಗೆಲ್ಲುವ ಗುಟ್ಟು. ಮೂರು ಪಟ್ಟು ಕೇಳಿ, ಎದುರಿನವರ ಮಾತು ರೆಕಾರ್ಡ್ ಮಾಡಿ ಜಡ್ಜ್‌ಗೆ ಕೊಡಿ.’ ಸರಿಯಾ?

ವಕೀಲರು: ಯಾರು ಬರೆಯುತ್ತಾರೆ ಇದನ್ನೆಲ್ಲ? ಅಲ್ಲಿ ಆಡಿದ ಮಾತು ಗೋಪ್ಯ, ಸಾಕ್ಷ್ಯಕ್ಕೆ ಬರುವುದಿಲ್ಲ. ರಾಜಿ ಆಗದಿದ್ದರೆ ‘ಆಗಲಿಲ್ಲ’ ಅಂತಷ್ಟೇ ವರದಿ. ಮೋತಿ ರಾಮ್ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ದಯವಿಟ್ಟು ಇದನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ತೀರ್ಥಹಳ್ಳಿಯವರು: ಕೊಳೆರೋಗಕ್ಕೆ ಔಷಧಿ ಹೊಡೆಸಿ ತೋಟ ಉಳಿಸಿದ್ದು ಅಣ್ಣ. ತಂಗಿ ಬೆಂಗಳೂರಿಂದ ಬಂದು ಪಾಲು ಕೇಳೋದಾ?

ಸೊರಬದ ಸದಸ್ಯೆ: ಬೆಂಗಳೂರು ಅಂತ ಯಾರು ಹೇಳಿದರು? ಅಷ್ಟು ವರ್ಷದ ಫಸಲಿನ ದುಡ್ಡು ತಿಂದಿದ್ದು ಯಾರು?

ತೀರ್ಥಹಳ್ಳಿಯವರು: ಮದುವೆ ಮಾಡಿಕೊಟ್ಟಿಲ್ವಾ?

ಸೊರಬದ ಸದಸ್ಯೆ: ಅಣ್ಣನ ಮದುವೆ ಬಿಟ್ಟಿ ಆಯ್ತಾ?

ತೀರ್ಥಹಳ್ಳಿಯವರು: ಅಪ್ಪ 2005ರ ಕಾನೂನು ತಿದ್ದುಪಡಿಗೆ ಮೊದಲೇ ತೀರಿಹೋಗಿದ್ದರೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿಲ್ಲ. ಓದಿದ್ದೇನೆ.

ವಕೀಲರು: ಹಳೆಯದು ಓದಿದ್ದೀರಿ. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ನೋಡಿ. ಹಕ್ಕು ಹುಟ್ಟಿನಿಂದಲೇ, ಅಪ್ಪ 2005ರಲ್ಲಿ ಬದುಕಿರಬೇಕು ಅಂತಿಲ್ಲ. ಔಷಧಿ, ಆಳಿನ ಖರ್ಚು ಇದ್ದರೆ ಅಣ್ಣನ ವಕೀಲರು ಲೆಕ್ಕ ಬರೆದು ತರಲಿ. ಅದನ್ನು ಕೂತು ಮಾತಾಡಲಿಕ್ಕೇ ಮೀಡಿಯೇಶನ್ ಇರುವುದು.

ಶಿಕಾರಿಪುರದವರು: ಚೆಕ್ ಬೌನ್ಸ್ ಕೇಸೂ ಮೀಡಿಯೇಶನ್‌ಗೆ ಬರುತ್ತಾ?

ಇನ್ನೊಬ್ಬರು: ಫೀಸ್ ಎಷ್ಟು?

ವಕೀಲರು: ಮೇಲೆ ಇದೆ.

ತೀರ್ಥಹಳ್ಳಿಯವರು: ಸರ್ ಒಂದೇ ಕಡೆ ಮಾತಾಡ್ತಿದ್ದಾರೆ.

ವಕೀಲರು: ಕಾನೂನು ಹೇಳಿದೆ. ಹಿಡಿಸದಿದ್ದರೆ ಬೇರೆ ವಕೀಲರನ್ನು ಕೇಳಿ.

ಸಾಗರದ ಜೂನಿಯರ್: ಸರ್, ಕಕ್ಷಿದಾರರು ‘ನೀವೇ ಮಾತಾಡಿ’ ಅಂತಾರೆ. ಏನು ಮಾಡಲಿ?

ವಕೀಲರು: ಆ ತೋಟದಲ್ಲಿ ಯಾವುದನ್ನು ಬಿಡಲಾರರು ಅಂತ ಮಾತ್ರ ಅವರ ಬಾಯಿಂದಲೇ ಬರಲಿ. ಅಂಕಿ ನೀವು ಹೇಳಿ. ಸಹಿಗೆ ಮೊದಲು ಕರಡನ್ನು ಗಟ್ಟಿಯಾಗಿ ಓದಿ ಹೇಳಿ.

ಶಿಕಾರಿಪುರದವರು: ನನ್ನ ಚೆಕ್ ಪ್ರಶ್ನೆ?

ಸೊರಬದ ಸದಸ್ಯೆ: ಕೊಟ್ಟವರು ನೀವಾ, ಇಸ್ಕೊಂಡವರಾ?