ಚಾಲಕನ ಹೆಸರಿನ ವಾಚು: ಸಹಿಯಷ್ಟೇನಾ, ಇನ್ನೇನಾದರೂ ಇದೆಯಾ?

ಪ್ರಶ್ನೆ: ರೇಸ್ ಚಾಲಕರ ಹೆಸರಲ್ಲಿ ಬರುವ ಸೀಮಿತ ಸಂಖ್ಯೆಯ ದುಬಾರಿ ವಾಚುಗಳಲ್ಲಿ ಚಾಲಕನ ಗುರುತು ನಿಜವಾಗಿ ಎಲ್ಲಿ ಕಾಣುತ್ತದೆ? ಹಿಂಬದಿಯಲ್ಲಿ ಬರೀ ಸಹಿ ಕೆತ್ತಿದರೆ ನನಗೆ ಸಾಲದು.

ಉತ್ತರ 1: ಸ್ವಿಸ್ ಕಂಪನಿ ಓಡೆಮಾರ್ ಪಿಗೆ 2012ರಲ್ಲಿ ಫಾರ್ಮುಲಾ ಒನ್ ಚಾಲಕ ಶೂಮಾಕರ್ ಹೆಸರಲ್ಲಿ ತಂದ 'ರಾಯಲ್ ಓಕ್ ಆಫ್‌ಶೋರ್ ಮೈಕೆಲ್ ಶೂಮಾಕರ್' ವಾಚು ನೋಡಿ. ಡಯಲ್ ಸುತ್ತಲಿನ ಉಂಗುರದಲ್ಲಿ ಏಳು ನಕ್ಷತ್ರಗಳಿವೆ. ಬೆನೆಟನ್ ತಂಡದಲ್ಲಿ ಗೆದ್ದ 2 ವಿಶ್ವ ಪಟ್ಟಕ್ಕೆ ನೀಲಿ, ಫೆರಾರಿ ತಂಡದಲ್ಲಿ ಗೆದ್ದ 5ಕ್ಕೆ ಕೆಂಪು. ಪ್ಲಾಟಿನಂನಲ್ಲಿ ಮಾಡಿದ್ದು 100 ಮಾತ್ರ.

ಉತ್ತರ 2: ಚೆನ್ನಾಗಿದೆ, ಆದರೆ ನನ್ನ ಮನಸ್ಸು ಹೋಗುವುದು 1970ರ ದಶಕಕ್ಕೆ. ಹೋಯರ್ ವಾಚು ಕಂಪನಿಯ ಮುಖ್ಯಸ್ಥ ಜಾಕ್ ಹೋಯರ್ ಆಗ ಫೆರಾರಿ ಚಾಲಕರಿಗೆ ತಮ್ಮ ಕ್ಯಾರೆರಾ ಮಾದರಿಯ ಚಿನ್ನದ ವಾಚು ಕೊಡುತ್ತಿದ್ದರು. ಹಿಂಬದಿಯಲ್ಲಿ ಹೆಸರು, ಜೊತೆಗೆ ರಕ್ತದ ಗುಂಪು! ಟ್ರ್ಯಾಕಿನಲ್ಲಿ ಸಾವು ಅಪರೂಪವಲ್ಲದ ಕಾಲ ಅದು. 1971ರಲ್ಲಿ ಬ್ರಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ ಚಾಲಕ ಜೋ ಸಿಫರ್ಟ್ ತೀರಿಹೋದರು, 1976ರಲ್ಲಿ ನ್ಯೂರ್ಬರ್ಗ್‌ರಿಂಗ್‌ ಟ್ರ್ಯಾಕಿನಲ್ಲಿ ಫೆರಾರಿ ಚಾಲಕ ನಿಕಿ ಲೌಡಾ ಬೆಂಕಿಗೆ ಸಿಕ್ಕರು. ಮಾರಾಟಕ್ಕೆಂದೇ ಮಾಡಿದ ಯಾವ ಆವೃತ್ತಿಯೂ ನನ್ನನ್ನು ಇಷ್ಟು ತಟ್ಟಿಲ್ಲ. ಸಿಫರ್ಟ್ ಕಟ್ಟುತ್ತಿದ್ದ ಬಿಳಿ ಡಯಲ್, ನೀಲಿ ಗೆರೆಯ ಆಟೇವಿಯಾವನ್ನು (ಹೋಯರ್‌ನದೇ ಇನ್ನೊಂದು ಮಾದರಿ) ಸಂಗ್ರಾಹಕರು ಇಂದಿಗೂ 'ಸಿಫರ್ಟ್' ಎಂದೇ ಕರೆಯುತ್ತಾರೆ. ಆ ಹೆಸರನ್ನು ಡಯಲ್ ಮೇಲೆ ಯಾರೂ ಬರೆದಿರಲಿಲ್ಲ.

ಪ್ರಶ್ನೆ ಕೇಳಿದವರು: ರಕ್ತದ ಗುಂಪಿನ ವಿಷಯ ಗೊತ್ತಿರಲಿಲ್ಲ ಸರ್. ಹಾಗಾದರೆ ಹಳೆಯ ಆಟೇವಿಯಾಗಳ ಬಗ್ಗೆಯೇ ಮೊದಲು ಓದುತ್ತೇನೆ.