ಪದಚರ್ಚೆ: ಗಿಡದ ‘ಸಿಂಕ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ತೋಟಗಾರರಿಗಾಗಿ ಒಂದು ಚಿಕ್ಕ ಬರಹ ಬರೆಯುತ್ತಿದ್ದೇನೆ. ಗಿಡ ತಾನು ಮಾಡಿಕೊಂಡ ಆಹಾರ ಬೇರಿಗೆಷ್ಟು, ಚಿಗುರಿಗೆಷ್ಟು, ಕಾಯಿಗೆಷ್ಟು ಹೋಗುತ್ತದೆ, ಅದನ್ನು ಲೆಕ್ಕದಲ್ಲಿ ಹಿಡಿಯುವುದು ಹೇಗೆ ಅನ್ನೋದು ವಿಷಯ. ಲೆಕ್ಕ ಬರೆದಾಯಿತು. ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಆಹಾರ ಮಾಡಿ ಹೊರಗೆ ಕಳಿಸುವ ಭಾಗಕ್ಕೆ ಸಸ್ಯಶಾಸ್ತ್ರದಲ್ಲಿ ‘ಸೋರ್ಸ್’ ಅನ್ನುತ್ತಾರೆ. ಬಲಿತ ಎಲೆ ಅಂದುಕೊಳ್ಳಿ. ಅದನ್ನು ಪಡೆದು ಬೆಳೆಯುವ ಅಥವಾ ಕೂಡಿಡುವ ಭಾಗ ‘ಸಿಂಕ್’. ಸೋರ್ಸ್‌ಗೆ ಮೊದಲು ‘ಮೂಲ’ ಅಂತ ಬರೆದೆ. ಆಮೇಲೆ ಹೊಳೆಯಿತು, ಮೂಲ ಅಂದರೆ ಬೇರು ಅಂತಲೂ ಅರ್ಥ ಇದೆಯಲ್ಲ, ಕಂದಮೂಲ ಅನ್ನುವುದಿಲ್ಲವೇ? ಇಲ್ಲಿ ಬೇರು ಪಡೆಯುವ ಕಡೆಗೆ ಸೇರಿದ್ದು. ಹಾಗಾಗಿ ಆ ಪದ ಓದುವವರನ್ನು ನೇರ ಉಲ್ಟಾ ದಾರಿಗೆ ಹಚ್ಚುತ್ತದೆ.

ಸಿಂಕ್ ಇನ್ನೂ ಕಷ್ಟ. ಹಾಗೇ ಬಿಟ್ಟರೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಜಾಗ ನೆನಪಾಗುತ್ತದೆ. ‘ತೊಟ್ಟಿ’, ‘ಮಡು’ ಎರಡನ್ನೂ ಹಾಕಿ ನೋಡಿದೆ. ತುಂಗೆಯ ಮಡುವಿನಲ್ಲಿ ನೀರು ಸುಮ್ನೆ ನಿಂತಿರುತ್ತದೆ. ಬೆಳೆಯುವ ಕಾಯಿ ಹಾಗಲ್ಲ. ಬಂದದ್ದರಲ್ಲಿ ಒಂದಷ್ಟನ್ನು ಉಸಿರಾಟಕ್ಕೆ ಖರ್ಚು ಮಾಡಿ ಉಳಿದದ್ದರಲ್ಲಿ ಮೈ ಕಟ್ಟಿಕೊಳ್ಳುತ್ತದೆ.

ನಮ್ಮಮ್ಮ ಬಾಳೆಯ ಬುಡದಲ್ಲಿ ಕಂದು ಕೀಳುವಾಗ ‘ಇವೆಲ್ಲ ತಾಯಿದ್ದೇ ಉಣ್ಣೋವು’ ಅನ್ನುತ್ತಾರೆ. ನನಗೆ ದಾರಿ ಸಿಕ್ಕಿದ್ದು ಅಲ್ಲಿ. ಉಣಿಸುವ ಭಾಗ, ಉಣ್ಣುವ ಭಾಗ. ಬೇಕಾದರೆ ‘ಊಡು’ ಅನ್ನುವ ಹಳೆಯ ಪದವೂ ಇದೆ, ಮೊಲೆಯೂಡಿಸು ಅನ್ನುವಲ್ಲಿ ಇನ್ನೂ ಉಳಿದಿದೆ. ಬತ್ತದ ತೆನೆಗೂ ನಾವು ‘ಹಾಲು ತುಂಬುವ ಹೊತ್ತು’ ಅನ್ನುತ್ತೇವೆ, ಆಗ ಮೋಡ ಕವಿದು ಬಿಸಿಲು ಸಾಲದಿದ್ದರೆ ಎಲೆ ಉಣಿಸುವುದು ಕಡಿಮೆಯಾಗಿ ಜೊಳ್ಳು ಜಾಸ್ತಿಯಾಗುತ್ತದೆ.

ಈ ಜೋಡಿ ನನಗೆ ಹಿಡಿಸಲು ಇನ್ನೊಂದು ಕಾರಣ ಇದೆ. ಸೋರ್ಸ್, ಸಿಂಕ್ ಅನ್ನುವುದು ಅಂಗದ ಹೆಸರಲ್ಲ, ಆ ಹೊತ್ತಿನ ಕೆಲಸದ ಹೆಸರು. ಎಲೆ ಎಳೆಯದಾಗಿದ್ದಾಗ ಉಣ್ಣುತ್ತದೆ, ಬಲಿತ ಮೇಲೆ ಉಣಿಸುತ್ತದೆ. ಸುವರ್ಣಗೆಡ್ಡೆ ಮಳೆಗಾಲದಲ್ಲಿ ಉಂಡು ದಪ್ಪಗಾಗುತ್ತದೆ, ಮುಂದಿನ ಸಲ ನೆಟ್ಟಾಗ ಅದೇ ಮೊಳಕೆಗೆ ಉಣಿಸುತ್ತದೆ. ಕ್ರಿಯಾಪದದಿಂದ ಬಂದ ಹೆಸರಾದರೆ ಈ ಬದಲಾವಣೆಗೆ ತಾನಾಗಿ ಜಾಗ ಸಿಗುತ್ತದೆ, ಅಲ್ವಾ?

ಇನ್ನು ‘ಅಲೋಕೇಶನ್’, ಅಂದರೆ ಆಹಾರ ಯಾವ ಭಾಗಕ್ಕೆ ಎಷ್ಟು ಹೋಗುತ್ತದೆ ಅನ್ನೋದು. ಎಲ್ಲರೂ ‘ಹಂಚಿಕೆ’ ಅನ್ನುತ್ತಾರೆ. ಆದರೆ ಹಂಚಿಕೆ ಅಂದರೆ ಪಂಕ್ತಿಯಲ್ಲಿ ಬಡಿಸುವವರ ಹಾಗೆ ಯಾರೋ ಒಬ್ಬರು ಹಂಚಬೇಕು. ಗಿಡದಲ್ಲಿ ಹಾಗೆ ಯಾರೂ ಇಲ್ಲ. ಜರ್ಮನಿಯ ಸಸ್ಯವಿಜ್ಞಾನಿ ಅರ್ನ್‌ಸ್ಟ್ ಮ್ಯೂಂಖ್ 1930ರಲ್ಲಿ ವಿವರಿಸಿದ ಪ್ರಕಾರ, ಎಲೆಯ ಕಡೆ ನಾಳಕ್ಕೆ ಸಕ್ಕರೆ ತುಂಬಿದಾಗ ನೀರು ಒಳಗೆ ಬಂದು ಒತ್ತಡ ಏರುತ್ತದೆ, ಕಾಯಿಯ ಕಡೆ ಸಕ್ಕರೆ ಇಳಿದಾಗ ಒತ್ತಡ ತಗ್ಗುತ್ತದೆ, ರಸ ಹೆಚ್ಚಿನ ಕಡೆಯಿಂದ ಕಡಿಮೆ ಕಡೆಗೆ ಹರಿಯುತ್ತದೆ. ಅಷ್ಟೇ. ‘ಹಿಸೆ’ ನಮ್ಮ ಕಡೆಯ ಪದ, ಚೆನ್ನಾಗಿದೆ, ಆದರೆ ಮನೆ ಹಿಸೆ ಒಂದು ಸಲ ಆದರೆ ಮುಗಿಯಿತು, ಇಲ್ಲಿ ದಿನದಿನವೂ ಬದಲಾಗುತ್ತದೆ. ನಾನು ‘ಪಾಲು’ ಅಂತಲೇ ಇಟ್ಟುಕೊಂಡಿದ್ದೇನೆ.

ಪಾಲಿನ ಲೆಕ್ಕ ಇದು. ಗಿಡದ ಬೆಳವಣಿಗೆಯನ್ನು ಲೆಕ್ಕದಲ್ಲಿ ಹಿಡಿಯುವ ಗ್ರೀನ್‌ಲ್ಯಾಬ್‌ನಂಥ ಮಾದರಿಗಳಲ್ಲಿ ಒಂದೊಂದು ಅಂಗಕ್ಕೂ ಒಂದು ಅಂಕಿ ಕೊಡುತ್ತಾರೆ. ಆ ಅಂಕಿಯನ್ನು ಎಲ್ಲದರ ಮೊತ್ತದಿಂದ ಭಾಗಿಸಿ, ಆ ಹೊತ್ತಿಗೆ ಕೈಯಲ್ಲಿರುವ ಆಹಾರದಿಂದ ಗುಣಿಸಿದರೆ ಆ ಅಂಗದ ಪಾಲು. ಬಾಳೆಗೊನೆಗೆ 6, ಬೇರಿಗೆ 2, ಎಳೆಕಂದುಗಳಿಗೆ 4 ಅಂತ ಸುಮ್ನೆ ಇಟ್ಟುಕೊಳ್ಳಿ. ಮೊತ್ತ 12, ಗೊನೆಗೆ ಅರ್ಧ. ಕಂದು ಕಿತ್ತರೆ ಮೊತ್ತ 8, ಗೊನೆಗೆ ಮುಕ್ಕಾಲು. ಅಮ್ಮ ಕತ್ತಿ ಹಿಡಿದು ಮಾಡುವ ಕೆಲಸ ಇದೇ. (‘ಮಾದರಿ’ ಅಂದಾಗಲೂ ನಮ್ಮವರು ನೋಡಲು ಬರುವ ‘ಮಾದರಿ ತೋಟ’ ಅಂದುಕೊಳ್ಳುತ್ತಾರೆ. ಅದಕ್ಕೆ ‘ಲೆಕ್ಕದ ಗಿಡ’ ಅಂತ ಬರೆದಿದ್ದೇನೆ. ಸರಿಯೇ ಹೇಳಿ.)

ಈಗ ನನ್ನ ನಿಜವಾದ ಪ್ರಶ್ನೆ. ಆ 6, 2, 4 ಇವೆಯಲ್ಲ, ಆ ಅಂಕಿಗೆ ಏನು ಹೆಸರು? ‘ಹಸಿವು’ ಅಂದರೆ ಉಣ್ಣುವುದಕ್ಕೆ ಚೆನ್ನಾಗಿ ಕೂಡುತ್ತದೆ. ಆದರೆ ಹಸಿವು ಉಣ್ಣದಿದ್ದರೆ ಹೆಚ್ಚುತ್ತದೆ, ಉಂಡರೆ ತೀರುತ್ತದೆ. ಈ ಅಂಕಿ ಹಾಗಲ್ಲ. ಅಂಗ ಎಷ್ಟು ದೊಡ್ಡದು, ಯಾವ ವಯಸ್ಸಿನದು ಅನ್ನುವುದನ್ನು ಹಿಡಿದು ಏರಿಳಿಯುತ್ತದೆ. ‘ಸೆಳೆತ’ ಇದಕ್ಕಿಂತ ವಾಸಿ. ಅದರಲ್ಲೂ ಒಂದು ಕೊಸರು ಇದೆ, ಕಾಯಿಯೇ ಬಾಯಿ ಹಾಕಿ ಹೀರುತ್ತದೆ ಅನ್ನಿಸಿಬಿಡುತ್ತದೆ, ಎಲೆಯ ಕಡೆಯ ಒತ್ತಡ ಮರೆತೇ ಹೋಗುತ್ತದೆ.

ಸಾಗರ, ಹೊಸನಗರ, ಶೃಂಗೇರಿ ಕಡೆಯವರು ಯಾರಾದರೂ ಹೇಳಿ. ನಿಮ್ಮ ಮನೆಯಲ್ಲಿ ಕಂದು ಕೀಳುವಾಗ, ಬಾಳೆಮೂತಿ ಕೊಯ್ಯುವಾಗ, ‘ಇದು ಜಾಸ್ತಿ ತಗೊಳ್ಳುತ್ತೆ, ಅದು ಕಡಿಮೆ’ ಅನ್ನುವುದಕ್ಕೆ ಹಿರಿಯರ ಬಾಯಲ್ಲಿ ಬರುವ ಪದ ಯಾವುದು?